ಆಳ ಕಡಲಿನ ಉದ್ದಮೂಗಿ

ಮಕ್ಕಳ ವಿಜ್ಞಾನದ ಪುಸ್ತಕಗಳಲ್ಲಿ, ಟೀವಿಯ ಪ್ರಾಣಿಲೋಕದ ಕಾರ್ಯಕ್ರಮಗಳಲ್ಲಿ ಒಂದು ಮೀನಿನ ಚಿತ್ರ ಆಗಾಗ ಕಾಣಿಸಿಕೊಳ್ಳುತ್ತದೆ. ತಲೆಯ ಮುಂದಕ್ಕೆ ಕತ್ತಿಯ ಅಲಗಿನಂತೆ ಚಾಚಿಕೊಂಡ ಉದ್ದ ಮೂತಿ. ಅದರ ಕೆಳಗೆ, ಮುಖದಿಂದ ಯಾರೋ ಕಿತ್ತು ಹೊರಗೆಳೆದಂತೆ ಕಾಣುವ ದವಡೆ. ದವಡೆಯ ತುಂಬ ಸೂಜಿಯಂಥ ಹಲ್ಲುಗಳು. ಚಿತ್ರದ ಕೆಳಗೆ ‘ಜಗತ್ತಿನ ಅತಿ ಕುರೂಪಿ ಶಾರ್ಕ್’ ಎಂದೋ ‘ಕಡಲಾಳದ ಭೂತ’ ಎಂದೋ ಬರೆದಿರುತ್ತಾರೆ. ಮಗು ಹೆದರಿ ಪುಟ ಮಗುಚುತ್ತದೆ. ದೊಡ್ಡವರಾದ ನಾವು ಅಬ್ಬಾ ಎಂದು ನಕ್ಕು ಸುಮ್ಮನಾಗುತ್ತೇವೆ.

ಈ ತಿಂಗಳು ಆ ಪುಟವನ್ನು ಮಗುಚದೆ ಸ್ವಲ್ಪ ಹೊತ್ತು ನೋಡೋಣ. ಏಕೆಂದರೆ ನಾವು ನೋಡುತ್ತಿರುವುದು ಬಹುಪಾಲು ಸತ್ತ ಮೀನಿನ ಚಿತ್ರ. ಬಲೆಯಲ್ಲಿ ಸಿಕ್ಕಿ, ನೂರಾರು ಮೀಟರ್ ಆಳದಿಂದ ಮೇಲೆ ಬಂದು, ದವಡೆ ಜಾರಿ, ಬಣ್ಣ ಮಾಸಿದ ಮೇಲೆ ತೆಗೆದದ್ದು. ಯಾರದೇ ಆಗಲಿ, ಅಂಥ ಹೊತ್ತಿನಲ್ಲಿ ತೆಗೆದ ಚಿತ್ರವನ್ನು ನೋಡಿ ರೂಪವನ್ನು ತೀರ್ಮಾನಿಸಬಹುದೇ? ಬದುಕಿರುವಾಗ ಈ ಮೀನು ಹೇಗಿರುತ್ತದೆ, ಅದರ ಒಂದೊಂದು ಅಂಗವೂ ಏಕೆ ಹಾಗಿದೆ ಎಂಬುದನ್ನು ತಿಳಿದರೆ ‘ಭೂತ’ ಎಂಬ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.

ಹೆಸರು ಬಂದ ಬಗೆ

ನಮ್ಮ ಓದುಗರಲ್ಲಿ ಕಡಲ ತೀರದವರಿಗೆ ಶಾರ್ಕ್ ಹೊಸದೇನಲ್ಲ. ಮಲಯಾಳಿಗಳು ಅದನ್ನು ಸ್ರಾವು ಎನ್ನುತ್ತಾರೆ, ತುಳುವರು ತಾಟೆ ಎನ್ನುತ್ತಾರೆ, ಕೊಂಕಣಿಯವರು ಮೋರಿ ಎನ್ನುತ್ತಾರೆ. ನೀಲಗಿರಿಯ ಮೇಲಿರುವವರಿಗೆ, ಸೊಲ್ಲಾಪುರ, ಆದೋನಿಯ ಬಯಲಿನವರಿಗೆ ಅದರ ಪರಿಚಯ ಪುಸ್ತಕದಲ್ಲಿ ಮಾತ್ರ. ಆದರೆ ನಾವು ಇಂದು ಹೇಳಹೊರಟ ಶಾರ್ಕ್ ಮೀನುಮಾರುಕಟ್ಟೆಯ ಬುಟ್ಟಿಗೆ ಬರುವಂಥದಲ್ಲ. ಇಂಗ್ಲಿಷಿನಲ್ಲಿ ಇದರ ಹೆಸರು ಗಾಬ್ಲಿನ್ ಶಾರ್ಕ್.

ಈ ಹೆಸರು ಬಂದದ್ದು ಜಪಾನಿನಿಂದ. ಅಲ್ಲಿನ ಮೀನುಗಾರರು ಇದನ್ನು ‘ತೆಂಗುಝಾಮೆ’ ಎಂದು ಕರೆಯುತ್ತಿದ್ದರು. ‘ತೆಂಗು’ ಎಂದರೆ ನಮ್ಮ ತೆಂಗಿನ ಮರವೆಂದು ತಿಳಿಯಬೇಡಿ! ಜಪಾನಿನ ಜನಪದ ಕಥೆಗಳಲ್ಲಿ ಬರುವ, ಉದ್ದ ಮೂಗಿನ ಕೆಂಪು ಮುಖದ ಒಂದು ಜೀವಿ ಅದು. ‘ಝಾಮೆ’ ಎಂದರೆ ಶಾರ್ಕ್. ಆ ಉದ್ದ ಮೂಗನ್ನು ಕಂಡು ಮೀನುಗಾರರು ಇಟ್ಟ ಹೆಸರು, ಇಂಗ್ಲಿಷಿಗೆ ಬರುವಾಗ ಅವರ ಕಥೆಗಳ ಕುಚೇಷ್ಟೆಯ ದೆವ್ವ ‘ಗಾಬ್ಲಿನ್’ ಆಯಿತು.

ವಿಜ್ಞಾನಿಗಳ ಕೈಗೆ ಇದು ಸಿಕ್ಕಿದ್ದು 19ನೇ ಶತಮಾನದ ಕೊನೆಯಲ್ಲಿ. ಯೊಕೊಹಾಮ ಪಟ್ಟಣದಲ್ಲಿ ಆಲನ್ ಓಸ್ಟನ್ ಎಂಬ ಇಂಗ್ಲಿಷ್ ವ್ಯಾಪಾರಿಯಿದ್ದರು. ಅಪರೂಪದ ಪ್ರಾಣಿಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಸಗಾಮಿ ಕೊಲ್ಲಿಯ ಕಡೆ ಸಿಕ್ಕ ಸುಮಾರು 107 ಸೆಂಟಿಮೀಟರ್ ಉದ್ದದ ಒಂದು ಎಳೆಯ ಗಂಡು ಮೀನು ಅವರ ಕೈಸೇರಿತು. ಅವರು ಅದನ್ನು ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾಕಿಚಿ ಮಿತ್ಸುಕುರಿ ಅವರಿಗೆ ಕೊಟ್ಟರು. ಅವರಿಂದ ಅದು ಅಮೆರಿಕದ ಮತ್ಸ್ಯಶಾಸ್ತ್ರಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಅವರಿಗೆ ತಲುಪಿತು. 1898ರಲ್ಲಿ ಜೋರ್ಡನ್ ಇದನ್ನು ಹೊಸ ಜಾತಿಯೆಂದು ಸಾರಿ, ತಮಗೆ ತಲುಪಿಸಿದ ಇಬ್ಬರ ಹೆಸರನ್ನೂ ಸೇರಿಸಿ ‘ಮಿತ್ಸುಕುರಿನ ಓಸ್ಟೋನಿ’ ಎಂದು ನಾಮಕರಣ ಮಾಡಿದರು. ತನ್ನ ಹೆಸರನ್ನು ಬಿಟ್ಟು, ತಂದುಕೊಟ್ಟವರ ಹೆಸರನ್ನು ಉಳಿಸುವುದು ಒಳ್ಳೆಯ ರೂಢಿ, ಅಲ್ಲವೇ?

ಮರುವರ್ಷವೇ ಒಂದು ಚರ್ಚೆ ಎದ್ದಿತು. ಲೆಬನಾನಿನ ಸುಣ್ಣಕಲ್ಲಿನ ಪದರಗಳಲ್ಲಿ ಇಂಥದೇ ಉದ್ದ ಮೂತಿಯ ಶಾರ್ಕಿನ ಪಳೆಯುಳಿಕೆಗಳು ಸಿಕ್ಕಿದ್ದವು. ಡೈನೋಸಾರ್‌ಗಳ ಕಾಲದವು. ಬ್ರಿಟಿಷ್ ಪಳೆಯುಳಿಕೆ ತಜ್ಞ ಆರ್ಥರ್ ಸ್ಮಿತ್ ವುಡ್‌ವರ್ಡ್ 1899ರಲ್ಲಿ, ಜಪಾನಿನ ಈ ಮೀನು ಆ ಪಳೆಯುಳಿಕೆಯ ಬಳಗದ್ದೇ ಎಂದು ವಾದಿಸಿದರು. ಎರಡೂ ಬೇರೆ ಬೇರೆ ಎಂಬುದು ಮುಂದೆ ಇತ್ಯರ್ಥವಾದರೂ ನೆಂಟಸ್ತಿಕೆ ಸುಳ್ಳಾಗಲಿಲ್ಲ. ಈ ಕುಟುಂಬದ ಚರಿತ್ರೆ ಸುಮಾರು 12.5 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಉಳಿದ ನೆಂಟರೆಲ್ಲ ಅಳಿದುಹೋಗಿ, ಇಂದು ಈ ಮನೆತನದಲ್ಲಿ ಬದುಕಿರುವುದು ಇದೊಂದೇ ಜಾತಿ.

ಮನೆ ಇರುವ ಜಾಗ

ಒಂದು ಮನೆಯನ್ನು ನೋಡದೆ ಮನೆಯವರ ನಡೆನುಡಿ ಅರ್ಥವಾಗುವುದಿಲ್ಲ. ಹಾಗೆಯೇ ಈ ಮೀನಿನ ಅಂಗಾಂಗಗಳನ್ನು ತಿಳಿಯುವ ಮೊದಲು ಅದು ಬದುಕುವ ಜಾಗವನ್ನು ತಿಳಿಯಬೇಕು.

ಕಡಲಿನಲ್ಲಿ 200 ಮೀಟರ್ ಕೆಳಗಿಳಿದರೆ ಹಗಲಿನ ಬೆಳಕು ಮುಸ್ಸಂಜೆಯ ಹಾಗೆ ಮಸುಕಾಗುತ್ತದೆ. ಸಾವಿರ ಮೀಟರ್ ದಾಟಿದರೆ ಸೂರ್ಯನ ಬೆಳಕು ಇಲ್ಲವೇ ಇಲ್ಲ. ನೀರಿನ ಒತ್ತಡ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಏರುತ್ತದೆ. ಸಾವಿರ ಮೀಟರ್ ಆಳದಲ್ಲಿ ಅದು ನೆಲದ ಮೇಲೆ ನಮ್ಮನ್ನು ಒತ್ತುವ ಗಾಳಿಯ ಭಾರದ ಸುಮಾರು ನೂರು ಪಟ್ಟು. ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಬೆಳಕಿಲ್ಲದ ಕಡೆ ಪಾಚಿ ಬೆಳೆಯುವುದಿಲ್ಲ, ಹಾಗಾಗಿ ತಿನ್ನಲು ಸಿಗುವುದು ಕಡಿಮೆ.

ದೊಡ್ಡ ಗಾಬ್ಲಿನ್ ಶಾರ್ಕ್‌ಗಳು ಸಿಕ್ಕಿರುವುದು ಹೆಚ್ಚಾಗಿ 270ರಿಂದ 960 ಮೀಟರ್ ಆಳದಲ್ಲಿ. ಇನ್ನೂ ಕೆಳಗೂ ಇಳಿಯುತ್ತವೆ. ಸುಮಾರು 1370 ಮೀಟರ್ ಆಳದಲ್ಲಿ ಹಾಸಿದ್ದ ಸಮುದ್ರದಡಿಯ ತಂತಿಯೊಂದರಲ್ಲಿ ಇದರ ಮುರಿದ ಹಲ್ಲು ಸಿಕ್ಕಿಕೊಂಡಿದ್ದುದು ಕಂಡುಬಂದಿದೆ. ತಂತಿಯನ್ನು ಇದು ಏಕೆ ಕಚ್ಚಿತು? ಉತ್ತರ ಅದರ ಮೂಗಿನಲ್ಲೇ ಇರಬಹುದು. ಅಲ್ಲಿಗೇ ಬರೋಣ.

ಮೂಗೆಂಬ ಕೈದೀಪ

ಕತ್ತಲಲ್ಲಿ ನಡೆಯುವವನು ಕೈಯಲ್ಲಿ ಕೋಲು ಹಿಡಿಯುತ್ತಾನೆ, ಇಲ್ಲವೇ ದೀಪ ಹಿಡಿಯುತ್ತಾನೆ. ಈ ಶಾರ್ಕಿಗೆ ಎರಡೂ ಅದರ ಮೂತಿಯೇ. ಚಪ್ಪಟೆಯಾಗಿ, ತುದಿಗೆ ಕಿರಿದಾಗುತ್ತ, ಕಣ್ಣಿನಿಂದ ಬಹಳ ಮುಂದಕ್ಕೆ ಚಾಚಿಕೊಂಡಿರುವ ಈ ಮೂತಿಯನ್ನು ನೋಡಿ, ಕೆಸರನ್ನು ಕೆದಕಿ ಆಹಾರ ಹುಡುಕುವ ಗುದ್ದಲಿ ಇದು ಎಂದು ಹಿಂದೆ ಕೆಲವರು ಭಾವಿಸಿದ್ದರು. ಆದರೆ ಮುಟ್ಟಿ ನೋಡಿದರೆ ಅದು ಮೆತ್ತಗಿದೆ, ಬಾಗುತ್ತದೆ. ಗುದ್ದಲಿ ಮೆತ್ತಗಿದ್ದರೆ ಅಗೆಯಲಾದೀತೇ?

ಮೂತಿಯ ಚರ್ಮದ ಮೇಲೆ, ವಿಶೇಷವಾಗಿ ಕೆಳಬದಿಯಲ್ಲಿ, ಸಣ್ಣ ಸಣ್ಣ ರಂಧ್ರಗಳು ಕಿಕ್ಕಿರಿದಿವೆ. ಒಂದೊಂದು ರಂಧ್ರವೂ ಲೋಳೆಯಂಥ ದ್ರವ ತುಂಬಿದ ಒಂದೊಂದು ಕೊಳವೆಯ ಬಾಯಿ. ಇವು ಎಲ್ಲ ಶಾರ್ಕ್‌ಗಳಲ್ಲೂ, ತೊರಕೆ ಮೀನುಗಳಲ್ಲೂ ಇವೆ. 1678ರಲ್ಲಿ ಇವನ್ನು ವಿವರಿಸಿದ ಇಟಲಿಯ ಸ್ಟೆಫಾನೊ ಲೊರೆಂಜಿನಿಯ ಹೆಸರನ್ನೇ ಇವುಗಳಿಗೆ ಇಟ್ಟಿದ್ದಾರೆ. ಇವುಗಳ ಕೆಲಸವೇನೆಂಬುದು ತಿಳಿದದ್ದು ಮಾತ್ರ 20ನೇ ಶತಮಾನದಲ್ಲಿ. ಪ್ರತಿಯೊಂದು ಜೀವಿಯ ಸ್ನಾಯು ಅಲುಗಿದಾಗ, ಹೃದಯ ಮಿಡಿದಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಉಪ್ಪುನೀರಿನಲ್ಲಿ ಹರಡುವ ಆ ವಿದ್ಯುತ್ತಿನ ಸುಳಿವನ್ನು ಈ ರಂಧ್ರಗಳು ಹಿಡಿಯುತ್ತವೆ. ಕತ್ತಲಲ್ಲಿ ಅಲುಗಾಡದೆ ನಿಂತ ಮೀನೂ ತನ್ನ ಎದೆಬಡಿತವನ್ನು ಮುಚ್ಚಿಡಲಾರದು.

ಮೂತಿ ಉದ್ದವಿದ್ದಷ್ಟೂ ಹೆಚ್ಚು ರಂಧ್ರಗಳಿಗೆ ಜಾಗ. ಬೇಟೆಯ ಸುಳಿವು ಬಾಯಿಗಿಂತ ಮೊದಲೇ ತಲುಪುತ್ತದೆ. ನಾವು ಕುರೂಪವೆಂದದ್ದು ಅದಕ್ಕೆ ಕಣ್ಣಿಗಿಂತ ಮಿಗಿಲಾದ ಇಂದ್ರಿಯ. ತಂತಿಯಲ್ಲಿ ಹಲ್ಲು ಸಿಕ್ಕಿಕೊಂಡದ್ದೂ ಈ ಕಾರಣದಿಂದಲೇ ಇರಬಹುದು: ವಿದ್ಯುತ್ತು ಹರಿಯುವ ತಂತಿ ಈ ಮೂಗಿಗೆ ಊಟದ ಕರೆಯಂತೆ ತೋರುವ ಸಾಧ್ಯತೆ ಇದೆ. ಇನ್ನೊಂದು ವಿಶೇಷ: ಮರಿಗಳಲ್ಲಿ ಮೂತಿ ದೇಹದ ಅಳತೆಗೆ ತುಂಬ ಉದ್ದ. ಮೀನು ಬೆಳೆದಂತೆಲ್ಲ ದೇಹ ದೊಡ್ಡದಾಗಿ, ಮೂತಿಯ ಪಾಲು ಕಡಿಮೆಯಾಗುತ್ತ ಬರುತ್ತದೆ.

ಮಡಚಿಟ್ಟ ದವಡೆ

ಚಿತ್ರದಲ್ಲಿ ನಮ್ಮನ್ನು ಹೆಚ್ಚು ಹೆದರಿಸುವುದು ಆ ಜೋತ ದವಡೆ. ಬದುಕಿರುವ ಮೀನು ಹಾಗೆ ದವಡೆ ಚಾಚಿಕೊಂಡು ಓಡಾಡುವುದಿಲ್ಲ. ಈಜುವಾಗ ದವಡೆ ಕಣ್ಣಿನ ಕೆಳಗೆ ಅಚ್ಚುಕಟ್ಟಾಗಿ ಮಡಚಿಕೊಂಡಿರುತ್ತದೆ. ಪಕ್ಕದಿಂದ ನೋಡಿದರೆ ಉದ್ದ ಮೂತಿಯ ಸಾಧಾರಣ ಶಾರ್ಕಿನ ಹಾಗೆಯೇ ಕಾಣುತ್ತದೆ.

ಬೇಟೆ ಹತ್ತಿರ ಬಂದಾಗ ಏನಾಗುತ್ತದೆ ಎಂಬುದು ಬಹುಕಾಲ ಊಹೆಯೇ ಆಗಿತ್ತು. ಜಪಾನಿನ ಎನ್‌ಎಚ್‌ಕೆ ದೂರದರ್ಶನ ಸಂಸ್ಥೆಯವರು 2008 ಮತ್ತು 2011ರಲ್ಲಿ ಜೀವಂತ ಗಾಬ್ಲಿನ್ ಶಾರ್ಕ್‌ಗಳು ಬೇಟೆಯನ್ನು ಹಿಡಿಯುವ ದೃಶ್ಯಗಳನ್ನು ಚಿತ್ರೀಕರಿಸಿದರು. ಹೊಕ್ಕೈಡೊ ವಿಶ್ವವಿದ್ಯಾಲಯದ ಕಝುಹಿರೊ ನಕಾಯ ಮತ್ತು ಸಂಗಡಿಗರು ಆ ದೃಶ್ಯಗಳನ್ನು ಒಂದೊಂದು ಚೌಕಟ್ಟಾಗಿ ಬಿಡಿಸಿ ಅಳೆದು 2016ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು.

ಅವರು ಕಂಡದ್ದು ಹೀಗೆ. ಮೊದಲು ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ಮರುಕ್ಷಣ ಎರಡೂ ದವಡೆಗಳು ತಲೆಯಿಂದ ಮುಂದಕ್ಕೆ ಚಿಮ್ಮುತ್ತವೆ. ಚಿಮ್ಮುವ ದೂರ ಮೀನಿನ ಒಟ್ಟು ಉದ್ದದ 8.6ರಿಂದ 9.4 ಶೇಕಡಾ. ಅಂದರೆ ಮೂರು ಮೀಟರ್ ಉದ್ದದ ಮೀನಿನಲ್ಲಿ ಒಂದು ಗೇಣಿಗೂ ಹೆಚ್ಚು! ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಅಲ್ಲಿಯವರೆಗೆ ಅಳೆದ ಯಾವ ಶಾರ್ಕಿನ ದವಡೆಯೂ ಇಷ್ಟು ವೇಗವಾಗಿ ಮುಂದೆ ಬಂದದ್ದಿರಲಿಲ್ಲ. ದವಡೆ ಚಾಚುವ ಗುಣ ಬೇರೆ ಶಾರ್ಕ್‌ಗಳಲ್ಲೂ ಉಂಟು. ಆದರೆ ಇದರ ಚಾಚು ಅವುಗಳ ಎರಡು ಪಟ್ಟಿಗೂ ಹೆಚ್ಚು.

ಇದರ ಗುಟ್ಟು ದವಡೆಯ ಕೀಲಿನಲ್ಲಿರುವ, ರಬ್ಬರಿನಂತೆ ಹಿಗ್ಗುವ ಎರಡು ಜೋಡಿ ಕಟ್ಟುನಾರುಗಳು. ದವಡೆ ಮಡಚಿಕೊಂಡಿರುವಾಗ ಅವು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಕಚ್ಚುವ ಹೊತ್ತಿಗೆ ಆ ಬಿಗಿತ ಸಡಿಲಗೊಂಡು ದವಡೆ ಚಿಮ್ಮುತ್ತದೆ. ಮಾವಿನ ಕಾಯಿ ಉದುರಿಸಲು ಹುಡುಗರು ರಬ್ಬರು ಎಳೆದು ಬಿಡುವ ಕವಣೆಯ ಹಾಗೆ. ಸಂಶೋಧಕರು ಇಟ್ಟ ಹೆಸರೂ ‘ಕವಣೆ ಊಟ’ ಎಂಬರ್ಥದ್ದೇ.

ಹಲ್ಲುಗಳಲ್ಲೂ ಕೆಲಸದ ಹಂಚಿಕೆಯಿದೆ. ಮುಂದಿನವು ಉದ್ದ, ಸಪೂರ, ಅಂಚು ನುಣುಪು. ಜಾರುವ ಬೇಟೆಯನ್ನು ಚುಚ್ಚಿ ಹಿಡಿಯಲು ತಕ್ಕವು. ಬಾಯಿಯ ಹಿಂಬದಿಯವು ಗಿಡ್ಡ, ಚಪ್ಪಟೆ, ಅರೆಯಲು ತಕ್ಕವು. ಆಳದ ಮೀನುಗಳು, ಬೊಂಡಾಸು, ಸಿಗಡಿ, ಏಡಿಯ ಜಾತಿಯವು ಇದರ ಆಹಾರ. ಮನುಷ್ಯನನ್ನು ಬೇಟೆಯಾಡುವ ಪ್ರಶ್ನೆಯೇ ಇಲ್ಲ, ಏಕೆಂದರೆ ಇದರ ಊರಿಗೆ ನಾವು ಹೋಗುವುದೇ ಇಲ್ಲ.

ಕಣ್ಣು, ಕಿವಿರು, ಬಣ್ಣ

ಕಣ್ಣುಗಳು ಚಿಕ್ಕವು. ಕೆಲವು ಶಾರ್ಕ್‌ಗಳಿಗಿರುವಂತೆ ಕಣ್ಣನ್ನು ಮುಚ್ಚಿ ಕಾಪಾಡುವ ಪೊರೆ ಇದಕ್ಕಿಲ್ಲ. ಹಾಗೆಂದು ಇದು ಕುರುಡಲ್ಲ. ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸುವ ಶಕ್ತಿ ಇದಕ್ಕಿದೆ. ಇರುವ ಅಲ್ಪ ಬೆಳಕನ್ನು ಇದು ಬಳಸುತ್ತದೆ ಎಂಬುದಕ್ಕೆ ಅದು ಸಾಕ್ಷಿ. ತಲೆಯ ಹಿಂದೆ ಎರಡೂ ಬದಿ ಐದೈದು ಕಿವಿರು ಸೀಳುಗಳು. ಅವು ಗಿಡ್ಡವಾಗಿದ್ದು, ಒಳಗಿನ ಎಳೆಗಳು ಹೊರಗೆ ತುಸು ಕಾಣುತ್ತವೆ. ‘ಐದು’ ಎಂಬ ಈ ಅಂಕಿಯನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಣ್ಣವಂತೂ ಯಾರೂ ಎಣಿಸದಂಥದು. ಜೀವಂತ ಗಾಬ್ಲಿನ್ ಶಾರ್ಕ್ ನಸುಗೆಂಪು! ಎಳೆಯವು ಬಹುತೇಕ ಬೆಳ್ಳಗೆ, ಬೆಳೆದವು ತಿಳಿಗೆಂಪು, ಈಜುರೆಕ್ಕೆಗಳ ಅಂಚಿನಲ್ಲಿ ನೀಲಿ ಛಾಯೆ. ಇದು ಚರ್ಮದಲ್ಲಿ ಬಳಿದ ಬಣ್ಣವಲ್ಲ. ಚರ್ಮ ಅರೆಪಾರದರ್ಶಕ, ಅದರಡಿಯ ರಕ್ತನಾಳಗಳ ಕೆಂಪು ಹೊರಗೆ ತೋರುತ್ತದೆ. ತೆಳ್ಳಗಿನ ಚರ್ಮದ ಕೂಸಿನ ಕೆನ್ನೆ ಕೆಂಪಾಗಿ ಕಾಣುವುದಿಲ್ಲವೇ, ಹಾಗೆ. ಸತ್ತ ಮೇಲೆ ಈ ಕೆಂಪು ಮಾಸಿ ಬೂದು, ಕಂದು ಬಣ್ಣಕ್ಕೆ ತಿರುಗುತ್ತದೆ. ವಸ್ತುಸಂಗ್ರಹಾಲಯದ ಜಾಡಿಯಲ್ಲಿ ನೋಡಿದವರಿಗೆ ಆ ಕೆಂಪಿನ ಸುಳಿವೂ ಸಿಗದು.

ಕಡಲಾಳದಲ್ಲಿ ಕೆಂಪು ಬಣ್ಣದಿಂದ ಎದ್ದು ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಕಾಣುವುದಿಲ್ಲ. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ಹೀರಿಕೊಳ್ಳುವುದೇ ಕೆಂಪನ್ನು. ಆಳಕ್ಕೆ ಕೆಂಪು ಬೆಳಕು ತಲುಪದಿರುವುದರಿಂದ ಅಲ್ಲಿ ಕೆಂಪು ವಸ್ತು ಕಪ್ಪಾಗಿಯೇ ಕಾಣುತ್ತದೆ.

ಮೆತ್ತನೆಯ ಮೈ, ದೊಡ್ಡ ಯಕೃತ್ತು

ಶಾರ್ಕ್ ಎಂದರೆ ಬಾಣದಂತೆ ಧಾವಿಸುವ ಮೀನು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಭಯಂಕರ ಬೇಟೆಗಾರ ಬಿಳಿ ಶಾರ್ಕ್ ಇದರ ದೂರದ ನೆಂಟನೇ; ಎರಡೂ ಒಂದೇ ಗಣಕ್ಕೆ ಸೇರಿದವು. ಆದರೆ ಗಾಬ್ಲಿನ್ ಶಾರ್ಕಿನ ಮೈಕಟ್ಟು ಬೇರೆಯೇ. ಮಾಂಸ ಮೆತ್ತಗೆ, ಸಡಿಲ. ಎಲ್ಲ ಶಾರ್ಕ್‌ಗಳಂತೆ ಇದರ ಅಸ್ಥಿಪಂಜರ ಮೃದ್ವಸ್ಥಿಯದು. ಅದರಲ್ಲೂ ಸುಣ್ಣದ ಅಂಶ ಕಡಿಮೆ. ಎದೆಯ ರೆಕ್ಕೆಗಳು ಚಿಕ್ಕವು, ದುಂಡಗಿನವು. ಬೆನ್ನ ಮೇಲೆ ಎರಡು ಸಣ್ಣ ರೆಕ್ಕೆಗಳು. ಹೊಟ್ಟೆಯ ಕೆಳಗಿನ ಹಿಂಬದಿಯ ರೆಕ್ಕೆಗಳು ಬೆನ್ನಿನವಕ್ಕಿಂತ ದೊಡ್ಡವು. ಬಾಲ ಉದ್ದ, ಆದರೆ ಬಿಳಿ ಶಾರ್ಕಿನ ಬಾಲದಲ್ಲಿ ಮೇಲೆ ಕೆಳಗೆ ಎರಡು ಹಾಳೆಗಳಿದ್ದರೆ, ಇದರ ಬಾಲದಲ್ಲಿ ಕೆಳಗಿನ ಹಾಳೆ ಇಲ್ಲ. ಇಂಥ ಬಾಲದಿಂದ ಓಟ ಸಾಧ್ಯವಿಲ್ಲ, ಮೆಲ್ಲನೆ ತೇಲುತ್ತ ಸಾಗುವುದಷ್ಟೇ.

ಮೀನುಗಳ ಗಾಳಿಚೀಲ ಶಾರ್ಕ್‌ಗಳಿಗಿಲ್ಲ. ಮುಳುಗದಂತೆ ಇವನ್ನು ಎತ್ತಿ ಹಿಡಿಯುವುದು ಎಣ್ಣೆ ತುಂಬಿದ ದೊಡ್ಡ ಯಕೃತ್ತು, ಅಂದರೆ ಪಿತ್ತಜನಕಾಂಗ. ಎಣ್ಣೆ ನೀರಿಗಿಂತ ಹಗುರ ತಾನೆ! ಗಾಬ್ಲಿನ್ ಶಾರ್ಕಿನಲ್ಲಿ ಈ ಯಕೃತ್ತು ಬಹಳ ದೊಡ್ಡದು. ಹಾಗಾಗಿ ಬಾಲ ಆಡಿಸದೆಯೂ ಅದು ನೀರಿನ ನಡುವೆ ನಿಲ್ಲಬಲ್ಲದು. ಶಕ್ತಿ ಉಳಿಯುತ್ತದೆ, ನೀರೂ ಅಲುಗುವುದಿಲ್ಲ.

ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಊಟ ಅಪರೂಪವಾಗಿ ಸಿಗುವ ಜಾಗದಲ್ಲಿ ಓಡಿ ಬೇಟೆಯಾಡಿದರೆ ಗಳಿಕೆಗಿಂತ ಖರ್ಚೇ ಹೆಚ್ಚು. ಆದ್ದರಿಂದ ಮೈ ಮೆತ್ತಗಿದೆ, ಬಾಲ ನಿಧಾನ. ನಿಧಾನದ ಮೀನು ಬೇಟೆಯ ಹತ್ತಿರ ಹೋಗುವುದರೊಳಗೆ ಬೇಟೆ ಓಡಿಹೋಗಬಾರದು. ಆದ್ದರಿಂದ ದೇಹ ಓಡುವ ಬದಲು ದವಡೆ ಓಡುತ್ತದೆ. ದವಡೆ ಎತ್ತ ಚಿಮ್ಮಬೇಕೆಂದು ಕತ್ತಲಲ್ಲಿ ತಿಳಿಯಬೇಕು. ಆದ್ದರಿಂದ ಮೂಗು ಉದ್ದ. ಒಂದು ಅಂಗವನ್ನು ಬಿಡಿಯಾಗಿ ನೋಡಿದರೆ ವಿಕಾರ. ಮೂರನ್ನೂ ಜೊತೆಗಿಟ್ಟು ನೋಡಿದರೆ ಲೆಕ್ಕ ಸರಿಹೋಗುತ್ತದೆ.

ಎಷ್ಟು ದೊಡ್ಡದು?

ಸಾಮಾನ್ಯವಾಗಿ ಸಿಗುವ ಬೆಳೆದ ಮೀನುಗಳು ಮೂರರಿಂದ ನಾಲ್ಕು ಮೀಟರ್. ಆದರೆ 2000ದಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸಿಕ್ಕ ಒಂದು ಹೆಣ್ಣುಮೀನಿನ ಉದ್ದ 5.4ರಿಂದ 6.2 ಮೀಟರ್ ಇದ್ದಿರಬೇಕೆಂದು ಚಿತ್ರಗಳಿಂದ ಅಂದಾಜು ಮಾಡಿದ್ದಾರೆ. ಇದು ಇಷ್ಟು ದೊಡ್ಡದಾಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದ ಕೀ ವೆಸ್ಟ್ ಬಳಿ ಸಿಗಡಿ ಹಿಡಿಯುತ್ತಿದ್ದ ಮೀನುಗಾರರೊಬ್ಬರ ಬಲೆಯಲ್ಲಿ ಮತ್ತೊಂದು ಬಂತು. ಅದರ ಹಲ್ಲುಗಳನ್ನು ಕಂಡು ಅವರು ಅಳತೆಪಟ್ಟಿ ಹಿಡಿಯುವ ಗೋಜಿಗೆ ಹೋಗಲಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಜೀವಂತವಾಗಿ ಕಡಲಿಗೆ ಬಿಟ್ಟರು. ವಿಜ್ಞಾನಿಗಳು ಆ ಫೋಟೊಗಳನ್ನೇ ನೋಡಿ ಸುಮಾರು 18 ಅಡಿ ಎಂದು ಅಂದಾಜು ಮಾಡಿದರು. ಅಳತೆ ತಪ್ಪಿಹೋಯಿತೆಂದು ಶಾಸ್ತ್ರಜ್ಞರು ಕೊರಗಿರಬಹುದು. ಮೀನಿಗೆ ಜೀವ ಉಳಿಯಿತು.

ಎಲ್ಲ ಮೀನಿಗೂ ಆ ಅದೃಷ್ಟವಿರಲಿಲ್ಲ. 2007ರ ಜನವರಿಯಲ್ಲಿ ಟೋಕಿಯೊದ ಕಡಲಿನಲ್ಲಿ 1.3 ಮೀಟರ್ ಉದ್ದದ ಒಂದು ಮೀನು ಜೀವಂತವಾಗಿ ಸಿಕ್ಕಿತು. ಅದನ್ನು ನಗರದ ಮತ್ಸ್ಯಾಗಾರಕ್ಕೆ ತಂದು ಆರೈಕೆ ಮಾಡಿದರು. ಆದರೂ ಅದು ಬದುಕಿದ್ದು ಎರಡೇ ದಿನ. ನಮ್ಮ ಬೆಳಕು, ನಮ್ಮ ಗಾಜಿನ ತೊಟ್ಟಿ ಅದಕ್ಕೆ ಹಿಡಿಸಲಿಲ್ಲ.

ಐದು ಸೀಳುಗಳ ಲೆಕ್ಕ

ಇಷ್ಟೆಲ್ಲ ವಿವರ ತಿಳಿದು ಮಾಡುವುದೇನು ಎನ್ನುವವರಿಗಾಗಿ ಒಂದು ನಿಜಸಂಗತಿ. 2020ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದ ಅನಾಫಿ ದ್ವೀಪದ ಕಡಲ ದಂಡೆಯಲ್ಲಿ ಯಾರೋ ಒಬ್ಬರು ಒಂದು ಫೋಟೊ ತೆಗೆದರು. ಕಲ್ಲುಗಳ ನಡುವೆ ಸಣ್ಣದೊಂದು ಗಾಬ್ಲಿನ್ ಶಾರ್ಕ್ ಸತ್ತು ಬಿದ್ದಂತಿತ್ತು. ಫೋಟೊ ವಿಜ್ಞಾನಿಗಳ ಕೈಸೇರಿತು. ಮೆಡಿಟರೇನಿಯನ್ ಕಡಲಿನಲ್ಲಿ ಈ ಮೀನು ಹಿಂದೆಂದೂ ಕಂಡದ್ದಿಲ್ಲ. 2022ರಲ್ಲಿ ಒಂದು ಸಂಶೋಧನ ಪತ್ರಿಕೆಯಲ್ಲಿ ‘ಮೊದಲ ದಾಖಲೆ’ ಎಂದು ಅದು ಅಚ್ಚಾಯಿತು.

ಶಾರ್ಕ್‌ಗಳನ್ನು ಬಲ್ಲ ಕೆಲವರಿಗೆ ಅನುಮಾನ ಬಂತು. ಕಿವಿರು ಸೀಳುಗಳ ಎಣಿಕೆ ಸರಿಯಿಲ್ಲ. ರೆಕ್ಕೆಗಳು ಮೀನಿನ ರೆಕ್ಕೆಯಂತೆ ಬಾಗದೆ ಸೆಟೆದಿವೆ. ಅಳತೆಯೂ ಹೊಂದುತ್ತಿಲ್ಲ, ಮೊದಲು ಸುಮಾರು 80 ಸೆಂಟಿಮೀಟರ್ ಎಂದಿದ್ದವರು, ಆಕ್ಷೇಪ ಬಂದ ಮೇಲೆ 17ರಿಂದ 20 ಸೆಂಟಿಮೀಟರ್ ಇರಬಹುದು ಎಂದರು. ಹುಟ್ಟಿದ ಮರಿಯೇ ಅಷ್ಟು ಚಿಕ್ಕದಿರುವುದಿಲ್ಲವಲ್ಲ! ಅಂಗಡಿಯಲ್ಲಿ ಸಿಗುವ ಒಂದು ಪ್ಲಾಸ್ಟಿಕ್ ಆಟಿಕೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಒಂದೇ ಅಚ್ಚಿನವುಗಳಂತೆ ಕಂಡವು. ದಂಡೆಯಲ್ಲಿ ಬಿದ್ದಿದ್ದ ವಸ್ತುವನ್ನು ಯಾರೂ ಎತ್ತಿಟ್ಟಿರಲಿಲ್ಲವಾದ್ದರಿಂದ ಕೈಯಲ್ಲಿ ಹಿಡಿದು ಪರೀಕ್ಷಿಸುವ ದಾರಿ ಇರಲಿಲ್ಲ. 2023ರಲ್ಲಿ ಲೇಖಕರೇ ತಮ್ಮ ಲೇಖನವನ್ನು ಹಿಂದಕ್ಕೆ ಪಡೆದರು.

ಅವರನ್ನು ನೋಡಿ ನಗುವ ಅಗತ್ಯವಿಲ್ಲ. ತಪ್ಪನ್ನು ಎತ್ತಿ ತೋರಿಸಿದಾಗ ಲೇಖನ ವಾಪಸು ಪಡೆಯಲು ಧೈರ್ಯ ಬೇಕು. ನಾವು ಗಮನಿಸಬೇಕಾದುದು ಬೇರೆ. ಆ ಫೋಟೊದಲ್ಲಿ ಎಲ್ಲರ ಕಣ್ಣು ಹೋದದ್ದು ಉದ್ದ ಮೂಗು ಮತ್ತು ಚಾಚಿದ ದವಡೆಯ ಕಡೆಗೆ. ಆಟಿಕೆ ಮಾಡುವವರೂ ಅದನ್ನೇ ಮಾಡುತ್ತಾರೆ, ಮಾರಾಟವಾಗುವುದು ಅದೇ. ಸತ್ಯ ಇದ್ದದ್ದು ಯಾರೂ ನೋಡದ ಕಿವಿರಿನಲ್ಲಿ, ರೆಕ್ಕೆಯಲ್ಲಿ. ‘ಭೂತ’ವನ್ನು ನೋಡಿದವರು ಮೋಸಹೋದರು, ಮೀನನ್ನು ನೋಡಿದವರು ಸತ್ಯ ಕಂಡರು.

ಹೊಟ್ಟೆಯಲ್ಲಿದ್ದ ಆರು ಮರಿಗಳು

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸುವಂತಿಲ್ಲ. 1898ರಿಂದ ನೂರಕ್ಕೂ ಹೆಚ್ಚು ವರ್ಷ ಈ ಮೀನಿನ ಹೆರಿಗೆಯ ಬಗ್ಗೆ ವಿಜ್ಞಾನಕ್ಕೆ ಬಹುತೇಕ ಏನೂ ತಿಳಿದಿರಲಿಲ್ಲ. ಇದರ ಗಣದ ಬೇರೆ ಶಾರ್ಕ್‌ಗಳು ಮರಿ ಹಾಕುವುದರಿಂದ ಇದೂ ಹಾಗೆಯೇ ಇರಬೇಕೆಂದು ಅಂದಾಜು ಮಾಡಿದ್ದರು. 2023ರ ಜೂನ್‌ನಲ್ಲಿ ತೈವಾನಿನ ಬಳಿ ಒಂದು ಟ್ರಾಲ್ ದೋಣಿಯ ಬಲೆಗೆ 4.7 ಮೀಟರ್ ಉದ್ದದ, ಸುಮಾರು 800 ಕಿಲೊ ತೂಕದ ಹೆಣ್ಣು ಗಾಬ್ಲಿನ್ ಶಾರ್ಕ್ ಸಿಕ್ಕಿದ ಸುದ್ದಿ ಬಂತು. ಅದರ ಹೊಟ್ಟೆಯಲ್ಲಿ ಆರು ಮರಿಗಳಿದ್ದವು. ಒಂದು ವಸ್ತುಸಂಗ್ರಹಾಲಯ ಅದನ್ನು ಪ್ರದರ್ಶನಕ್ಕೆಂದು ಪಡೆದುಕೊಂಡಿತು. ಅಪರೂಪದ ತಿಳಿವಳಿಕೆ ದೊರೆಯಿತೆಂದು ಸಂತೋಷಪಡುವುದೋ, ಏಳು ಜೀವಗಳು ಒಂದೇ ಬಲೆಗೆ ಹೋದುವೆಂದು ಮರುಗುವುದೋ?

ಕಡಲ ತಳವನ್ನೇ ಗೋರಿಕೊಂಡು ಬರುವ ಟ್ರಾಲ್ ಬಲೆಗೆ ತನಗೆ ಬೇಕಾದುದು, ಬೇಡವಾದುದು ಎಂಬ ಭೇದವಿಲ್ಲ. ಇದು ದೂರದ ತೈವಾನಿನ ಮಾತಷ್ಟೇ ಅಲ್ಲ. ಯಕೃತ್ತಿನ ಎಣ್ಣೆಗಾಗಿ ಹಿಡಿಯುವ ಬೇರೆ ಜಾತಿಯ ಆಳ ಕಡಲಿನ ಶಾರ್ಕ್‌ಗಳು ನಮ್ಮ ಕೇರಳದ ಕೊಚ್ಚಿ ಬಂದರಿಗೂ ಬಂದಿವೆ. ಆಳದ ಮೀನುಗಳನ್ನು ತೇಲಿಸುವ ಆ ಎಣ್ಣೆಯೇ ಅವುಗಳ ಜೀವಕ್ಕೆ ಮುಳುವಾಗುತ್ತದೆ. ಇಂಥ ಶಾರ್ಕ್‌ಗಳು ನಿಧಾನವಾಗಿ ಬೆಳೆದು, ಕೆಲವೇ ಮರಿಗಳನ್ನು ಹಾಕುತ್ತವೆ. ಬೂತಾಯಿಯಂತೆ ಸಾವಿರಗಟ್ಟಲೆ ಮೊಟ್ಟೆಯಿಟ್ಟು ನಷ್ಟ ತುಂಬಿಕೊಳ್ಳಲು ಅವಕ್ಕೆ ಆಗದು.

ಗಾಬ್ಲಿನ್ ಶಾರ್ಕ್ ಈಗ ಅಳಿವಿನ ಅಂಚಿನಲ್ಲಿದೆ ಎಂದು ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ. ಜಪಾನ್, ತೈವಾನ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಪೋರ್ಚುಗಲ್, ಮೆಕ್ಸಿಕೊ ಕೊಲ್ಲಿ, ಹೀಗೆ ಬಹುದೂರ ಹರಡಿರುವುದರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ‘ಕನಿಷ್ಠ ಆತಂಕ’ದ ಪಟ್ಟಿಯಲ್ಲಿ ಇಟ್ಟಿದೆ. 2003ರಲ್ಲಿ ತೈವಾನಿನ ವಾಯುವ್ಯ ಕಡಲಿನಲ್ಲಿ, ಹಿಂದೆ ಒಂದೂ ಕಾಣದಿದ್ದ ಕಡೆ, ನೂರಕ್ಕೂ ಹೆಚ್ಚು ಮೀನುಗಳು ಸಿಕ್ಕಿದ್ದೂ ಉಂಟು. ಅಪರೂಪ ಎಂದರೆ ಕಡಿಮೆ ಇದೆ ಎಂದೇ ಅರ್ಥವಲ್ಲ. ನಮ್ಮ ಕಣ್ಣಿಗೆ ಬೀಳುವುದು ಕಡಿಮೆ ಎಂಬುದೂ ಆಗಬಹುದು. ಆದರೆ ಎಣಿಸದ ಗಂಟನ್ನು ಕೈಬಿಚ್ಚಿ ಖರ್ಚು ಮಾಡುವವನನ್ನು ಯಾರೂ ಜಾಣ ಎನ್ನುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಹೀಗೆ ಮಾಡಿ. ಮುಂದೊಮ್ಮೆ ಆ ಉದ್ದ ಮೂಗಿನ ಮೀನಿನ ಚಿತ್ರ ಪುಸ್ತಕದಲ್ಲೋ ಟೀವಿಯಲ್ಲೋ ಕಂಡಾಗ ಅವರಿಗೆ ನಾಲ್ಕು ಪ್ರಶ್ನೆ ಕೇಳಿ. ಇದು ಬದುಕಿರುವಾಗ ತೆಗೆದ ಚಿತ್ರವೋ, ಸತ್ತ ಮೇಲೆ ತೆಗೆದದ್ದೋ? ಮೈ ನಸುಗೆಂಪಾಗಿದೆಯೋ, ಬೂದಿಯಾಗಿದೆಯೋ? ಬಾಲಕ್ಕೆ ಕೆಳಗಿನ ಹಾಳೆ ಇದೆಯೋ, ಇಲ್ಲವೋ? ಕಿವಿರು ಸೀಳುಗಳು ಎಷ್ಟಿವೆ? ಎಣಿಸಲು ಕೂತ ಮಗುವಿಗೆ ಹೆದರಲು ಪುರುಸೊತ್ತು ಇರುವುದಿಲ್ಲ.